ಗೋಬರ್ ಗ್ಯಾಸಿಗೆ ತವರಿನ ಹೆಪ್ಪು

ಅತ್ತೆ ಹೋಗಿ ನಲವತ್ತು ದಿನದ ಮೇಲಾಯಿತು. ಮಾತಾಡಿಸಲು ಬಂದವರೆಲ್ಲ ಕೇಳುವುದು ಒಂದೇ: ‘ಕೊನೆಗೆ ಏನಾದ್ರೂ ಹೇಳಿದ್ರಾ?’ ಇಲ್ಲ, ಏನೂ ಹೇಳಲಿಲ್ಲ. ಮಧ್ಯಾಹ್ನ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ‘ನಾಕಕ್ಕೆ ಎಬ್ಬಿಸು, ಚಾ ಕುಡಿಯಾನ’ ಎಂದು ಮಲಗಿದರು. ನಾಲ್ಕಕ್ಕೆ ಎಬ್ಬಿಸಲು ಹೋದೆ. ಅಷ್ಟೆ.

ಅಳು ಬರುತ್ತದೆ. ಬೆಳಿಗ್ಗೆ ಒಲೆ ಮುಂದೆ ನಿಂತಾಗ ಹೆಚ್ಚು. ಆದರೆ ಎದೆಯ ಮೇಲೆ ಕಲ್ಲಿಟ್ಟ ಹಾಗೆ ಆಗುವುದಿಲ್ಲ. ನನ್ನ ಅವ್ವ ತೀರಿಕೊಂಡಾಗ ಹಾಗಾಗಿತ್ತು. ಅವಳಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತುಗಳು ಉಳಿದುಬಿಟ್ಟಿದ್ದವು. ಅತ್ತೆಯ ಹತ್ತಿರ ಹಾಗೆ ಉಳಿದದ್ದು ಯಾವುದೂ ಇಲ್ಲ. ನಾನು ಮಾಡಿದ ದೊಡ್ಡ ತಪ್ಪನ್ನು ಮದುವೆಯಾದ ವರ್ಷವೇ ಅವರ ಮುಂದೆ ಹೇಳಿಬಿಟ್ಟಿದ್ದೆ. ಅದು ನೆನಪಾದಾಗಲೆಲ್ಲ ಈಗಲೂ ಸದ್ಯ ಎನ್ನಿಸುತ್ತದೆ. ಅದನ್ನೇ ಬರೆದಿಡೋಣ ಎಂದು ಕೂತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ಅಪ್ಪ ಕಾರ್ಖಾನೆಯಲ್ಲಿ ಮಷಿನ್ ನಡೆಸುತ್ತಿದ್ದರು. ಎರಡು ಕೋಣೆಯ ಸಾಲುಮನೆ, ಅಡುಗೆಮನೆಯಲ್ಲಿ ಸಿಲಿಂಡರು. ಅವ್ವ ಆ ಸಿಲಿಂಡರಿಗೆ ವಾರಕ್ಕೊಮ್ಮೆ ಒದ್ದೆ ಬಟ್ಟೆ ಹಾಕಿ ಒರೆಸಿ, ಶುಕ್ರವಾರ ಕುಂಕುಮ ಹಚ್ಚುತ್ತಿದ್ದಳು. ಅವಳಿಗೆ ಇನ್ನೊಂದು ಹುಚ್ಚು, ಫಿನಾಯಿಲು. ಬಚ್ಚಲಿಗೆ, ಮೋರಿಗೆ, ಮೆಟ್ಟಿಲಿಗೆ ಎಲ್ಲದಕ್ಕೂ ಫಿನಾಯಿಲು ಬೇಕು. ಫಿನಾಯಿಲಿನ ವಾಸನೆ ಬಂದರೆ ಮಾತ್ರ ಮನೆ ಸ್ವಚ್ಛವಾಯಿತು ಎಂದು ನಂಬಿ ನಾನು ದೊಡ್ಡವಳಾದೆ.

ತೊಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಶಾಮನೂರಿಗೆ ಬಂದೆ. ದಾವಣಗೆರೆ ಬೆಳೆದು ಬೆಳೆದು ಊರಿನ ಬಾಗಿಲಿಗೇ ಬಂದು ನಿಂತಿದ್ದ ಕಾಲ ಅದು. ನನ್ನ ಯಜಮಾನರು ಪೇಟೆಯಲ್ಲಿ ಮೋಟಾರು ಬಿಡಿಭಾಗದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು. ಮನೆಯಲ್ಲಿ ಹಗಲು ಮಾವ, ಅತ್ತೆ, ನಾನು. ಹಿತ್ತಿಲ ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಬಿಳಿ ಆಕಳು, ಅದರ ಮಣಕ.

ಕೊಟ್ಟಿಗೆಯ ಪಕ್ಕ ನೆಲದೊಳಗೆ ಗೋಬರ್ ಗ್ಯಾಸಿನ ಗುಂಡಿ ಇತ್ತು. ಮೇಲೆ ಕಾಣುತ್ತಿದ್ದುದು ಇಟ್ಟಿಗೆ ಗುಮ್ಮಟದ ಮೇಲೆ ಮಣ್ಣು ಮುಚ್ಚಿದ ಸಣ್ಣ ದಿಬ್ಬ, ಅದರಿಂದ ಅಡುಗೆಮನೆಗೆ ಹೋಗುವ ಪೈಪು, ಈ ಕಡೆ ಸೆಗಣಿ ಕಲೆಸುವ ತೊಟ್ಟಿ, ಆ ಕಡೆ ಬಗ್ಗಡ ಹೊರಗೆ ಬರುವ ಬಾಯಿ. ಸರ್ಕಾರದ ಸಬ್ಸಿಡಿ ಬಂದಾಗ ಅತ್ತೆಯೇ ಹಟ ಹಿಡಿದು ಕಟ್ಟಿಸಿದ್ದಂತೆ. ದಿನಾ ಬೆಳಕು ಹರಿಯುವ ಹೊತ್ತಿಗೆ ಅವರು ಆ ತೊಟ್ಟಿಯ ಮುಂದೆ ಕೂತು, ಸೆಗಣಿಗೆ ಅಷ್ಟೇ ನೀರು ಹಾಕಿ, ಮೊಣಕೈತನಕ ಕೈ ಇಳಿಸಿ ಕಲೆಸಿ, ಒಂದೊಂದೇ ಹುಲ್ಲುಕಡ್ಡಿ ಆರಿಸಿ ಎಸೆಯುತ್ತಿದ್ದರು. ಅಂಬಲಿಯ ಗಂಟು ಒಡೆದ ಹಾಗೆ. ಆಮೇಲೆ ಮುಚ್ಚಳ ತೆಗೆದರೆ ಬಳಕ್ಕನೆ ಒಳಗೆ ಹೋಗುತ್ತಿತ್ತು. ಎರಡು ಹೊತ್ತಿನ ಅಡುಗೆಗೆ ಸಾಕಾಗುವಷ್ಟು ಉರಿ. ಸಿಲಿಂಡರಿನಂತೆಯೇ ನೀಲಿ. ಮೊದಲ ದಿನ ನನಗೆ ನಂಬಲು ಆಗಿರಲಿಲ್ಲ. ಸೆಗಣಿ ವಾಸನೆ ಬರಬಹುದೆಂದು ಅನ್ನದ ಮೇಲೆ ಮುಚ್ಚಳದ ಮೇಲೆ ಮುಚ್ಚಳ ಇಟ್ಟಿದ್ದೆ. ಅತ್ತೆ ಇಡೀ ಓಣಿಗೆ ಹೇಳಿಕೊಂಡು ನಕ್ಕಿದ್ದರು.

ಆದರೆ ಅಷ್ಟರಲ್ಲಾಗಲೇ ಮಾವನ ಹೊಲದ ಅರ್ಧ ಭಾಗ ಸೈಟಾಗಿತ್ತು. ಜೋಳ ಬೆಳೆಯುತ್ತಿದ್ದ ಕಡೆ ಗುರುತಿನ ಕಲ್ಲು ನೆಟ್ಟಿದ್ದರು. ಮೇವು ಮನೆಯದಲ್ಲ, ಕೊಳ್ಳಬೇಕು. ಹಿಂಡಿ ಕೊಳ್ಳಬೇಕು. ಹಾಲು ಮಾರಿದ್ದು ಮೇವಿಗೇ ಹೋಗುತ್ತಿತ್ತು. ಉಳಿದ ಹೊಲಕ್ಕೆ ಮಾವ ಚೀಲದ ಗೊಬ್ಬರ ಹಾಕಿಸುತ್ತಿದ್ದರು, ಉಳುಮೆಗೆ ಟ್ರ್ಯಾಕ್ಟರು. ‘ಈ ದನ ಸಾಕ್ತಿರೋದು ಹಾಲಿಗಲ್ಲ ಕಣೇ, ನಿನ್ನ ಗ್ಯಾಸಿಗೆ’ ಎಂದು ಅತ್ತೆಗೆ ಹೇಳುತ್ತಿದ್ದರು. ‘ಗ್ಯಾಸ್ ಬರೋತನಕ ದನ ಇರ್ತಾವೆ. ನಿಂತ್ರೆ ಮಾರಿಬಿಡಾದೆ.’

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಗ್ಯಾಸು ನಿಂತರೆ ಇನ್ನೇನು ಉರಿಸಬೇಕು ಎನ್ನುವುದೇ ದೊಡ್ಡ ಪ್ರಶ್ನೆ. ಮೊದಲು ಬದುವಿನ ಜಾಲಿ ಕಡಿದು ವರ್ಷವೆಲ್ಲ ಉರಿಸುತ್ತಿದ್ದರಂತೆ. ಬದುವೂ ಹೋಯಿತು, ಜಾಲಿಯೂ ಹೋಯಿತು. ಕಟ್ಟಿಗೆ ಡಿಪೋಗೆ ಹೋದರೆ ಪ್ರತಿ ತಿಂಗಳೂ ಬೇರೆ ರೇಟು. ನೀಲಗಿರಿ ದಿಮ್ಮಿ ತುಂಬಿದ ಲಾರಿಗಳು ಹರಿಹರದ ಸೇತುವೆ ದಾಟಿ ಹೊಳೆಯ ಆಚೆಗಿನ, ಮರದಿಂದ ನಾರು ತೆಗೆಯುವ ಕಾರ್ಖಾನೆಗೆ ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಅವು ಅಲ್ಲಿಗೆ ಹೋಗುವುದಕ್ಕೂ ನಮ್ಮ ಒಲೆಯ ಸೌದೆ ತುಟ್ಟಿಯಾಗುವುದಕ್ಕೂ ಸಂಬಂಧ ಇದೆ ಎಂದು ತಿಳಿದದ್ದು ಶಾಮನೂರಿಗೆ ಬಂದ ಮೇಲೆ. ಭತ್ತದ ಹೊಟ್ಟನ್ನು ಮಿಲ್ಲಿನವರು ಹಿಂದೆ ಸುಮ್ಮನೆ ತುಂಬಿಕೊಂಡು ಹೋಗಿ ಎನ್ನುತ್ತಿದ್ದರಂತೆ. ಮಂಡಕ್ಕಿ ಭಟ್ಟಿಯವರು, ಇಟ್ಟಿಗೆ ಗೂಡಿನವರು ಲೋಡುಗಟ್ಟಲೆ ಕೊಳ್ಳಲು ಶುರು ಮಾಡಿದ ಮೇಲೆ ಅದಕ್ಕೂ ಬೆಲೆ ಬಂತು. ಸೀಮೆಎಣ್ಣೆ ರೇಷನ್ನಿನಲ್ಲಿ ಬರುವಷ್ಟೇ. ಸಿಲಿಂಡರಿಗೆ ಹೆಸರು ಬರೆಸಿ ಕಾಯಬೇಕು, ಬಂದ ದಿನ ರೇಷನ್ ಕಾರ್ಡಿನ ಮೇಲೆ ಸೀಲು ಒತ್ತಿ ಸೀಮೆಎಣ್ಣೆ ಕಡಿಮೆ ಮಾಡುತ್ತಾರೆ. ಹಾಗಾಗಿ ನಮ್ಮ ಓಣಿಯಲ್ಲಿ ಒಂದೇ ಉರಿ ನಂಬಿದ ಮನೆ ಇರಲಿಲ್ಲ. ಚಹಾಕ್ಕೆ ಸೀಮೆಎಣ್ಣೆ ಸ್ಟೋವು, ರೊಟ್ಟಿಗೆ ಕಟ್ಟಿಗೆ, ಸ್ನಾನದ ನೀರಿಗೆ ಮೆಕ್ಕೆಜೋಳದ ಬೆಂಡು. ಎಲ್ಲಕ್ಕೂ ಒಂದೇ ಉರಿ ಇದ್ದದ್ದು ಅತ್ತೆಗೆ ಮಾತ್ರ. ಅದರ ಹೆಮ್ಮೆ ಅವರಿಗೆ ಸ್ವಲ್ಪ ಜಾಸ್ತಿಯೇ ಇತ್ತು.

ಶ್ರಾವಣ ಬಂತು. ಮದುವೆಯಾದ ಮೇಲೆ ಮೊದಲ ಪಂಚಮಿ. ನನ್ನನ್ನು ತವರಿಗೆ ಕರೆದೊಯ್ಯಲು ಅಪ್ಪ ಅವ್ವ ಬರುವವರಿದ್ದರು. ಅದೇ ವಾರ ಅತ್ತೆಯ ಬೆರಳಿಗೆ ಕುಡುಗೋಲು ತಾಗಿ, ಕೊಟ್ಟಿಗೆ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಅವ್ವ ಬಂದರೆ ಮೂಗಿಗೆ ಸೆರಗು ಹಿಡಿಯುತ್ತಾಳೆ, ನನ್ನನ್ನು ಸೆಗಣಿಗೆ ಹಾಕಿದೆವಲ್ಲ ಎಂದು ಅಪ್ಪನ ಮೇಲೆ ರೇಗುತ್ತಾಳೆ ಎಂಬ ಚಿಂತೆ ನನಗೆ. ಮದುವೆಯ ಸಾಮಾನಿನ ಜೊತೆ ಅವಳೇ ಒಂದು ಕ್ಯಾನು ಕರಿ ಫಿನಾಯಿಲು ಕಳಿಸಿದ್ದಳು. ಐದು ದಿನ, ದಿನಕ್ಕೆ ಒಂದು ದೊಡ್ಡ ಲೋಟದಂತೆ ಬಕೆಟಿನ ನೀರಿಗೆ ಬೆರೆಸಿ, ಕೊಟ್ಟಿಗೆಯ ಕಲ್ಲುಹಾಸಿಗೆ ಸುರಿದು ಪರಪರ ಉಜ್ಜಿದೆ. ಅತ್ತೆಗೆ ಆಗ ನೆಗಡಿಯಾಗಿ ಮೂಗು ಕಟ್ಟಿತ್ತು, ವಾಸನೆ ತಿಳಿಯಲಿಲ್ಲ. ನೀರು ಸಣ್ಣ ಕಾಲುವೆಯಲ್ಲಿ ಹರಿದು ಹೋಯಿತು. ತಿಪ್ಪೆಗೆ ಹೋಗುತ್ತದೆ ಎಂದುಕೊಂಡೆ. ಅವ್ವ ಬಂದಳು, ಕೊಟ್ಟಿಗೆ ನೋಡಿದಳು, ‘ಪರವಾಗಿಲ್ಲ, ಚೊಕ್ಕ ಇಟ್ಟಾರೆ’ ಎಂದಳು. ನನಗೆ ಪರೀಕ್ಷೆ ಪಾಸಾದ ಖುಷಿ.

ಹರಿಹರದಲ್ಲಿ ಜೋಕಾಲಿ ಆಡಿ, ಉಂಡಿ ತಿಂದು, ಹದಿನೈದು ದಿನ ಬಿಟ್ಟು ಬಂದರೆ ಶಾಮನೂರಿನ ಅಡುಗೆಮನೆಯ ತುಂಬ ಹೊಗೆ. ಅತ್ತೆ ಹಳೇ ಮಣ್ಣಿನ ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತಿದ್ದರು.

‘ಗ್ಯಾಸ್ ಯಾಕೋ ಮುನಿಸ್ಕೊಂಡೈತೆ ಕಣವ್ವಾ. ಮಳಿಗೆ ಥಂಡಿಯಾಗೈತೇನೋ’ ಎಂದರು.

ಮಳೆ ನಿಂತಿತು, ಬಿಸಿಲು ಬಂತು, ಗಣಪತಿ ಹಬ್ಬವೂ ಮುಗಿಯಿತು. ಗ್ಯಾಸು ಬರಲಿಲ್ಲ. ತೊಟ್ಟಿಗೆ ಹಾಕಿದ ಸೆಗಣಿ ಒಳಗೆ ಹೋಗುತ್ತಿತ್ತು, ಆ ಕಡೆಯಿಂದ ಹುಳಿ ನಾತದ ಬಗ್ಗಡ ಬರುತ್ತಿತ್ತು. ನಡುವೆ ಏನೂ ಆಗುತ್ತಿರಲಿಲ್ಲ. ಹಸಿ ಕಟ್ಟಿಗೆಯ ಹೊಗೆಗೆ ಅತ್ತೆಯ ಕಣ್ಣು ಸದಾ ಕೆಂಪು. ನಾನು ಪಕ್ಕದಲ್ಲಿ ರೊಟ್ಟಿ ತಟ್ಟುತ್ತಿದ್ದೆ.

ಒಂದು ದಿನ ಊಟದ ನಡುವೆ ಮಾವ, ‘ದಲ್ಲಾಳಿಗೆ ಹೇಳೀನಿ’ ಎಂದರು. ‘ದೀಪಾವಳಿ ಪಾಡ್ಯ ಕಳೆದ ಮಾರನೇ ದಿನ ಬರ್ತಾನೆ. ನಾಕೂ ಒಟ್ಟಿಗೆ ಕೊಟ್ಟುಬಿಡಾನ. ಅಷ್ಟ್ರಾಗೆ ಸಿಲಿಂಡರಿಗೆ ಬರೆಸ್ತೀನಿ.’

ಅತ್ತೆ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲೇ ಇಟ್ಟರು. ‘ಮೇಸ್ತ್ರಿನ ಒಂದ್ಸಾರಿ ಕರೆಸ್ರಿ. ಆಮೇಲೆ ಮಾರಿಕೊಳ್ಳೋರಂತ್ರಿ.’

ಆಕಳ ಮಣಕ ಹುಟ್ಟಿದಾಗ ಅದರ ಮೈ ಒರೆಸಿದ್ದು ಅತ್ತೆಯೇ. ಎಮ್ಮೆಗಳು ಅವರ ಕೈಗಲ್ಲದೆ ಬೇರೆಯವರ ಕೈಗೆ ಹಾಲು ಬಿಡುತ್ತಿರಲಿಲ್ಲ. ಅದನ್ನೆಲ್ಲ ಅವರು ಮಾವನಿಗೆ ಹೇಳಲಿಲ್ಲ. ಹೇಳಿದರೂ ಮೇವಿನ ಬೆಲೆ ಇಳಿಯುತ್ತಿರಲಿಲ್ಲ.

ಗುಂಡಿ ಕಟ್ಟಿದ ಮೇಸ್ತ್ರಿ ಬಂದರು. ಹಲ್ಲಿಲ್ಲದ ಬಾಯಿ, ಕಿವಿಯ ಮೇಲೆ ಬೀಡಿ. ಪೈಪು ಊದಿ ನೋಡಿದರು, ಸೋಪಿನ ನೊರೆ ಹಚ್ಚಿ ನೋಡಿದರು, ದಿಬ್ಬದ ಮೇಲೆ ಕಿವಿಯಿಟ್ಟು ಮಲಗಿಯೂ ನೋಡಿದರು. ಆಮೇಲೆ ಕೇಳಿದರು: ‘ಅಮ್ಮಾರೆ, ಕೊಟ್ಟಿಗಿಗೆ ಏನಾದ್ರೂ ಔಷಧಿ ಗಿವಷಧಿ ಹೊಡದ್ರೇನು? ಸೋಪಿನ ಪುಡಿ, ಫಿನಾಯಿಲು? ಈ ಕಾಲುವಿ ನೀರು ಸೀದಾ ಗುಂಡಿಗೇ ಹೋಗ್ತೈತೆ ನೋಡ್ರಿ. ಒಳಗಿನ ಹುಳ ಸತ್ತಂದ್ರೆ ಗ್ಯಾಸ್ ಹುಟ್ಟಲ್ಲ.’

‘ಯೇ, ನಮ್ಮನ್ಯಾಗೆ ಅವೆಲ್ಲ ಎಲ್ಲಿ ಬಂತು? ಬರೀ ನೀರು’ ಎಂದರು ಅತ್ತೆ.

ನಾನು ಹಿತ್ತಿಲ ಬಾಗಿಲ ಹಿಂದೆ ಇದ್ದೆ. ಕೈಯಲ್ಲಿ ಮೇಸ್ತ್ರಿಗೆ ಕೊಡಬೇಕಿದ್ದ ಚಹಾದ ಲೋಟ. ಹೋಗಿ ಲೋಟ ಕೊಟ್ಟು ಒಳಗೆ ಬಂದೆ.

‘ಹಂಗಾದ್ರೆ ಗುಮ್ಮಟ ಬಿರುಕು ಬಿಟ್ಟೈತೆ, ಬೇರೆ ಮಾತೇ ಇಲ್ಲ’ ಎಂದರು ಮೇಸ್ತ್ರಿ. ‘ಮಣ್ಣು ಬಗೆದು, ಒಡೆದು, ಹೊಸದಾಗಿ ಕಟ್ಟಬೇಕು. ನಾಳೆ ಆಳು ಕರ್ಕೊಂಡು ಬರ್ತೀನಿ.’

‘ಒಡೀರಿ, ಕಟ್ಟೋದು ಆಮ್ಯಾಲೆ ನೋಡಾನ’ ಎಂದರು ಮಾವ. ಕಟ್ಟಿಸುವುದಿಲ್ಲ ಎಂದು ಅವರ ದನಿಯಲ್ಲೇ ಇತ್ತು.

ಆ ಸಂಜೆ ಫಿನಾಯಿಲಿನ ಕ್ಯಾನನ್ನು ಟ್ರಂಕಿನ ಹಿಂದೆ ಸರಿಸಿಟ್ಟೆ. ಸರಿಸಿಟ್ಟ ಮೇಲೆ ಅದು ಮೊದಲಿಗಿಂತ ದೊಡ್ಡದಾಗಿ ಕಾಣತೊಡಗಿತು. ಹೇಳಿದರೆ ಏನಾಗಬಹುದು? ತವರಿಗೆ ಬೈಗುಳ, ಓಣಿಗೆಲ್ಲ ಮಾತು. ಹೇಳದಿದ್ದರೆ ನಾಳೆ ಗಟ್ಟಿಯಾಗಿರುವ ಗುಮ್ಮಟವನ್ನು ಸುಮ್ಮನೆ ಒಡೆಯುತ್ತಾರೆ, ಪಾಡ್ಯದ ಮಾರನೇ ದಿನ ನಾಲ್ಕೂ ದನ ಹೋಗುತ್ತವೆ.

ಬೆಳಿಗ್ಗೆ ಅತ್ತೆ ಕೊಟ್ಟಿಗೆಯಲ್ಲಿ ಸೆಗಣಿ ಬಳಿಯುತ್ತಿದ್ದರು. ಗ್ಯಾಸು ಬರದಿದ್ದರೂ ತೊಟ್ಟಿಗೆ ಹಾಕುವುದನ್ನು ಬಿಟ್ಟಿರಲಿಲ್ಲ. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಹುಲ್ಲುಕಡ್ಡಿ ಆರಿಸುತ್ತಾ, ತಲೆ ಎತ್ತದೆ ಹೇಳಿದೆ.

‘ಅತ್ತೆ, ಪಂಚಮಿ ಮುಂದೆ ನಾನು ಫಿನಾಯಿಲು ಹಾಕಿ ತೊಳೆದಿದ್ದೆ.’

ಅವರ ಕೈ ನಿಂತಿತು. ‘ಎಷ್ಟು ದಿನ?’

‘ಐದು ದಿನ.’

‘ಎಷ್ಟೆಷ್ಟು?’

‘ದಿನಾ ಒಂದು ಲೋಟ. ದೊಡ್ಡದು.’

ಆಕಳು ಬಾಲ ಬೀಸಿ ಅವರ ಬೆನ್ನಿಗೆ ಹೊಡೆಯಿತು. ಅವರು ಅದನ್ನು ಗಮನಿಸಲಿಲ್ಲ. ಆಮೇಲೆ, ‘ತಿಂಗಳಾತು ಒಲಿ ಊದಿ ಊದಿ ನನ್ನ ಕಣ್ಣು ಕೆಂಪು ಮೆಣಸಿನಕಾಯಿ ಆಗ್ಯಾವು. ಬಾಜೂಕೆ ಕುಂತು ರೊಟ್ಟಿ ತಟ್ತಿದ್ಯಲ್ಲಾ ಹುಡುಗಿ’ ಎಂದರು.

‘ನನಗೆ ನಿನ್ನೆ ಗೊತ್ತಾತು ಅತ್ತೆ. ಮೇಸ್ತ್ರಿ ಹೇಳಿದ ಮೇಲೆ.’

‘ನಿನ್ನೇನೇ ಯಾಕ ಹೇಳ್ಲಿಲ್ಲ?’

ನನ್ನ ಕಣ್ಣೀರು ಸೆಗಣಿಗೆ ಬಿತ್ತು. ಅವರು ನೋಡಿದರು. ಇದ್ದಕ್ಕಿದ್ದಂತೆ ಅವರ ಮುಖದಲ್ಲಿ ಏನೋ ಹೊಳೆದ ಹಾಗಾಯಿತು.

‘ಹಂಗಾದ್ರೆ ಗುಮ್ಮಟ ಒಡೆದಿಲ್ಲ!’ ಎಂದರು. ‘ಬರೀ ಹೊಟ್ಟಿ ಕೆಟ್ಟೈತೆ, ಅಷ್ಟೇ. ಸದ್ಯ! ಏಳು ಏಳು, ಆ ಮುದುಕ ಗುದ್ಲಿ ಹಿಡ್ಕೊಂಡು ಬರೋದ್ರಾಗೆ ತಡೀಬೇಕು.’

ಸೆಗಣಿ ಕೈಯಲ್ಲೇ ಎದ್ದು ಬೀದಿಬಾಗಿಲಿಗೆ ಓಡಿದರು. ನಾನು ಅಲ್ಲೇ ಕೂತಿದ್ದೆ. ಬೈಗುಳಕ್ಕೆ ಕಾದಿದ್ದವಳು, ಅದು ಬರದೆ, ಉಳಿದ ಹುಲ್ಲುಕಡ್ಡಿ ಆರಿಸತೊಡಗಿದೆ.

ಮಾವನಿಗೆ ಅವರೇ ಹೇಳಿದರು. ನಾನು ನಡುಮನೆಯಲ್ಲಿ ಕೇಳಿಸಿಕೊಂಡೆ.

‘ಗುಂಡಿಗೆ ಫಿನಾಯಿಲ್ ಬಿದ್ದೈತೆ. ಒಡೆಯೋದು ಬ್ಯಾಡ.’

‘ಯಾರು ಹಾಕಿದ್ರು?’

‘ಕೈತಪ್ಪು.’

‘ಯಾರ ಕೈ?’

‘ನಮ್ಮನಿ ಕೈ. ಪೊಲೀಸ್ರನ್ನ ಕರೆಸ್ತೀರೇನು?’

ಮಾವ ಒಡೆಯುವ ಮಾತು ಬಿಟ್ಟರು. ಆದರೆ ದಲ್ಲಾಳಿಗೆ ಬರಬೇಡ ಎಂದು ಹೇಳಿ ಕಳಿಸಲಿಲ್ಲ. ‘ಪಾಡ್ಯದತನಕ ಟೈಮ್ ಐತೆ, ಮಾಡ್ಕೋ’ ಎಂದರು.

ಮೇಸ್ತ್ರಿ ಹೇಳಿದ ದಾರಿ ಇದು: ಒಳಗಿನದನ್ನು ಅರ್ಧಕ್ಕಿಂತ ಹೆಚ್ಚು ತೋಡಿ ತೆಗೆಯಬೇಕು, ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಗುಂಡಿಯ ಬಗ್ಗಡ ತಂದು ಸುರಿಯಬೇಕು. ‘ಹಾಲಿಗೆ ಹೆಪ್ಪು ಹಾಕಿದಂಗೆ ಅಮ್ಮಾರೆ. ಆಮ್ಯಾಲೆ ಕಾಯಬೇಕು.’

ಹೆಪ್ಪು ಎಲ್ಲಿಂದ ತರುವುದು? ಶಾಮನೂರಿನಲ್ಲಿ ಇನ್ನೂ ಮೂರು ಗುಂಡಿ ಇದ್ದವು. ಹೊಲ ಸೈಟಾದಂತೆ ದನ ಮಾರಿ, ಮೂರೂ ಒಣಗಿ ಕೂತಿದ್ದವು. ಒಂದರಲ್ಲಿ ಮನೆಯವರು ಹಳೇ ಟೈರು ತುಂಬಿದ್ದರು.

‘ನನ್ನ ತವರಾಗೆ ಐತೆ’ ಎಂದರು ಅತ್ತೆ. ‘ನಡಿ ಹುಡುಗಿ, ನಿನ್ನ ತವರಿನ ಫಿನಾಯಿಲಿಗೆ ನನ್ನ ತವರಿನ ಹೆಪ್ಪು.’

ಅವರ ತವರು ಅಜ್ಜಯ್ಯನ ಗದ್ದುಗೆ ಇರುವ ಉಕ್ಕಡಗಾತ್ರಿಯ ಹತ್ತಿರ, ಹೊಳೆದಂಡೆಯ ಸಣ್ಣ ಊರು. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಎರಡು ಖಾಲಿ ಹಾಲಿನ ಕ್ಯಾನು ಹಿಡಿದು ಹೊರಟೆವು. ಹರಿಹರದಲ್ಲಿ ಬಸ್ಸು ಬದಲಿಸಿದೆವು. ಅವ್ವನ ಮನೆ ಅಲ್ಲೇ ಇದ್ದರೂ ಹೋಗಲಿಲ್ಲ. ಅತ್ತೆಯ ತಮ್ಮ ಅಕ್ಕನ ಕೈಯಲ್ಲಿನ ಕ್ಯಾನು ನೋಡಿ, ಹಾಲಿಗೆ ಬಂದಿದ್ದಾಳೆಂದು ಅಂದುಕೊಂಡರು. ವಿಷಯ ಕೇಳಿ ಬಿದ್ದು ಬಿದ್ದು ನಕ್ಕರು.

‘ಅಕ್ಕಾ, ಬಾಗಿಣ ಕೇಳ್ತಾರೆ, ಸೀರಿ ಕೇಳ್ತಾರೆ. ಸೆಗಣಿ ನೀರು ಕೇಳಾಕೆ ತವರಿಗೆ ಬಂದಾಕಿ ನೀನೊಬ್ಬಾಕಿನೇ.’

‘ನೀನು ಕೊಟ್ಟ ಸೀರಿ ಎರಡು ಒಗೆತಕ್ಕೆ ಹರೀತು. ಇದಾದ್ರೂ ಬಾಳಕಿ ಬರ್ಲಿ.’

‘ಹುಷಾರು, ಇದಕ್ಕೂ ರೇಟ್ ಐತೆ ಈಗ. ತೋಟದೋರು ಬಂದು ಟ್ರ್ಯಾಕ್ಟರ್ ಲೆಕ್ಕದಾಗೆ ಗೊಬ್ಬರ ಒಯ್ತಾರೆ.’

ಅವರ ಊರಿಗೆ ಕಾಲುವೆ ನೀರು ಬರುತ್ತಿತ್ತು. ಭತ್ತದ ಹುಲ್ಲು ಮನೆಯದೇ, ಆರು ದನ, ಗೊಬ್ಬರಕ್ಕೆ ಗಿರಾಕಿ. ಅಲ್ಲಿ ಯಾರಿಗೂ ದನ ಮಾರುವ ಯೋಚನೆ ಇರಲಿಲ್ಲ. ಇಬ್ಬರು ಒಡಹುಟ್ಟಿದವರ ಮನೆಯಲ್ಲೂ ಒಂದೇ ತರಹದ ಗುಂಡಿ. ಒಂದು ಹೊಲದ ನಡುವೆ, ಒಂದು ಸೈಟುಗಳ ನಡುವೆ. ಅಷ್ಟೇ ವ್ಯತ್ಯಾಸ.

ಮಾರನೇ ದಿನ ಅಮಾವಾಸ್ಯೆ, ಅದು ಕಳೆದ ಮೇಲೆ ಮೆಕ್ಕೆಜೋಳ ಹೇರಿಕೊಂಡು ದಾವಣಗೆರೆ ಮಾರ್ಕೆಟ್ಟಿಗೆ ಹೊರಡುವ ಟ್ರ್ಯಾಕ್ಟರಿನಲ್ಲಿ ಎರಡು ಡ್ರಮ್ಮು ಇಟ್ಟು ಕಳಿಸುತ್ತೇನೆ ಎಂದರು ತಮ್ಮ. ಆದರೂ ಅತ್ತೆ ಎರಡೂ ಕ್ಯಾನನ್ನು ತುಂಬಿಸಿಯೇ ಎದ್ದರು. ತವರಿನಿಂದ ಬರಿಗೈಯಲ್ಲಿ ಬರುವುದು ಅವರಿಗೆ ಗೊತ್ತಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಉಕ್ಕಡಗಾತ್ರಿಯಲ್ಲಿ ದರ್ಶನ ಮುಗಿಸಿದ ಜನ. ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಕ್ಯಾನುಗಳನ್ನು ಅತ್ತೆ ಎರಡೂ ಕಾಲಿನ ನಡುವೆ ಭದ್ರವಾಗಿ ಹಿಡಿದಿದ್ದರು. ಪಕ್ಕದ ಸೀಟಿನ ಹೆಂಗಸು ಕ್ಯಾನಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ‘ಅಜ್ಜಯ್ಯನ ತೀರ್ಥ ಏನ್ರಿ ತಾಯಿ? ಒಂದೀಟು ಕೊಡ್ರಿ’ ಎಂದಳು.

‘ಇದು ತೀರ್ಥ ಅಲ್ಲ ಕಣವ್ವಾ, ಸೆಗಣಿ ಬಗ್ಗಡ’ ಎಂದರು ಅತ್ತೆ.

ಸುತ್ತಲಿನವರು ಮೊದಲು ಸರಿದು ಕೂತರು, ಆಮೇಲೆ ನಗಲು ಶುರು ಮಾಡಿದರು. ಕಂಡಕ್ಟರ್ ಬಂದ. ‘ಏನೈತಮ್ಮಾ ಅದ್ರಾಗೆ? ಹಾಲಿಗೆ ಲಗೇಜು ಹಾಕ್ತೀನಿ ನಾನು.’

‘ಹಾಲಲ್ಲಪ್ಪ, ಸೆಗಣಿ. ಸೆಗಣಿಗೆ ಲಗೇಜು ಐತೇನು ನಿನ್ನ ಚೀಟ್ಯಾಗೆ?’

ಅವನು ಚೀಲದೊಳಗೆ ಕೈ ಹಾಕಿ ಯೋಚಿಸಿದ. ‘ಚೆಲ್ಲಿದ್ರೆ ನೀವೇ ಬಳೀಬೇಕು ನೋಡ್ರಿ’ ಎಂದು ಮುಂದೆ ಹೋದ. ಒಂದು ತೊಟ್ಟೂ ಚೆಲ್ಲಲಿಲ್ಲ. ಹರಿಹರದ ಸ್ಟ್ಯಾಂಡಿನಲ್ಲಿ ಒಂದು ಕ್ಯಾನು ನನಗೆ ಕೊಟ್ಟು, ‘ಹಿಡಿ, ನಿನ್ನ ಊರು. ಇಲ್ಲಿ ನೀನೇ ಹೊರಬೇಕು’ ಎಂದರು. ಅಪ್ಪನ ಜೊತೆ ಕೆಲಸ ಮಾಡುವವರು ಯಾರಾದರೂ ನೋಡಿಯಾರೆಂದು ಸೆರಗು ಮುಂದಕ್ಕೆ ಎಳೆದುಕೊಂಡು ಹೊತ್ತೆ.

ಮೇಸ್ತ್ರಿಯ ಆಳುಗಳು ಅರ್ಧಕ್ಕಿಂತ ಹೆಚ್ಚು ತೋಡಿಟ್ಟಿದ್ದ ಗುಂಡಿಗೆ ಕ್ಯಾನಿನದನ್ನು ಸುರಿದೆವು. ಮೂರನೇ ದಿನ ಡ್ರಮ್ಮು ಬಂತು, ಅದನ್ನೂ ಸುರಿದೆವು. ಸೆಗಣಿ ಕಲೆಸಲು ಬೆಚ್ಚನೆಯ ನೀರು ಹಾಕುತ್ತಿದ್ದೆವು. ಫಿನಾಯಿಲಿನ ಕ್ಯಾನನ್ನು ನಾನೇ ಹೊರಗೆ ತಂದು ಅತ್ತೆಯ ಕೈಗೆ ಕೊಟ್ಟೆ. ಅವರು ಅದನ್ನು ಎಸೆಯಲಿಲ್ಲ. ‘ಪಾಯಖಾನಿಗೆ ಆಗ್ತೈತೆ’ ಎಂದು ಎತ್ತಿಟ್ಟರು.

ಆಮೇಲೆ ಕಾಯುವ ದಿನಗಳು. ಎಂಟು ದಿನಕ್ಕೆ ಪೈಪಿನಲ್ಲಿ ಸುಂಯ್ ಎಂದಿತು. ಕಡ್ಡಿ ಗೀರಿದರೆ ಉರಿ ಹಿಡಿಯುವ ಬದಲು ಕಡ್ಡಿಯೇ ಆರುತ್ತಿತ್ತು. ಮೊದಲು ಹುಟ್ಟುವ ಗ್ಯಾಸು ಉರಿಯುವುದಿಲ್ಲ, ಬಿಟ್ಟುಬಿಡಿ ಎಂದಿದ್ದರು ಮೇಸ್ತ್ರಿ. ಬಿಟ್ಟೆವು. ಹದಿನೈದು ದಿನಕ್ಕೂ ಅದೇ. ಅತ್ತೆ ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಒಂದು ಕಡ್ಡಿ ಗೀರುತ್ತಿದ್ದರು. ಒಂದೇ ಕಡ್ಡಿ. ಆರಿದರೆ ಮತ್ತೆ ಮಾರನೇ ದಿನ. ‘ಈ ಸಲ ಪಟಾಕಿ ತರೋದು ಬ್ಯಾಡ, ನಿನ್ನ ಕಡ್ಡಿಪೆಟ್ಟಿಗೇನೇ ಸಾಕು’ ಎಂದು ಮಾವ ಕಾಡುತ್ತಿದ್ದರು.

ದೀಪಾವಳಿ ಪಾಡ್ಯ ಬಂತು. ನಮ್ಮ ಕಡೆ ಆ ದಿನ ಸೆಗಣಿಯಲ್ಲಿ ಹಟ್ಟಿ ಲಕ್ಕವ್ವನನ್ನು ಮಾಡುತ್ತಾರೆ. ಸಣ್ಣ ಸಣ್ಣ ಗೋಪುರದ ಹಾಗೆ ಹಿಡಿದು, ಉತ್ರಾಣಿ ಕಡ್ಡಿ, ಚೆಂಡುಹೂ ಸಿಕ್ಕಿಸಿ, ಬಾಗಿಲ ಎರಡೂ ಕಡೆ ಇಡುತ್ತಾರೆ. ಅತ್ತೆ ನಾಲ್ಕು ದನದ ಸೆಗಣಿಯನ್ನೂ ಬೇರೆ ಬೇರೆ ತಂದು ಮಾಡಿದರು. ದನ ಮಾರಿದ ಎದುರುಮನೆಯವರು ಸೆಗಣಿ ಕೇಳಲು ಬುಟ್ಟಿ ಹಿಡಿದು ಬಂದಿದ್ದರು. ಅತ್ತೆ ಬುಟ್ಟಿ ತುಂಬಿಸಿ ಕೊಟ್ಟು, ಬಾಗಿಲು ದಾಟುವ ತನಕ ಅವರನ್ನೇ ನೋಡುತ್ತಾ ನಿಂತರು. ಮುಂದಿನ ವರ್ಷ ತಮ್ಮ ಕೈಯಲ್ಲೂ ಹೀಗೊಂದು ಬುಟ್ಟಿ ಇರುತ್ತದೆ ಎಂದು ಅವರಿಗೆ ಅನ್ನಿಸಿರಬೇಕು. ಅವತ್ತು ಗೀರಿದ ಕಡ್ಡಿಗೆ ಹಳದಿ ಉರಿ ಒಂದು ಕ್ಷಣ ಎದ್ದು ಆರಿತು.

ಮಾರನೇ ಬೆಳಿಗ್ಗೆ ಹೇಳಿದ ಮಾತಿನಂತೆ ದಲ್ಲಾಳಿ ಬಂದ. ಕೊಟ್ಟಿಗೆಗೆ ಹೋಗಿ ಎಮ್ಮೆಗಳ ಬೆನ್ನು ಸವರಿದ, ಮಣಕದ ಬಾಯಿ ಅಗಲಿಸಿ ಹಲ್ಲು ನೋಡಿದ. ಆಮೇಲೆ ಜಗುಲಿಯಲ್ಲಿ ಮಾವನ ಪಕ್ಕ ಕೂತು ಹೆಗಲ ಟವೆಲು ತೆಗೆದು ಇಬ್ಬರ ಕೈ ಮೇಲೆ ಹಾಸಿದ. ಸಂತೆಯಲ್ಲಿ ದರ ಮಾತಾಡುವುದೇ ಹಾಗೆ. ಟವೆಲಿನ ಕೆಳಗೆ ಬೆರಳು ಹಿಡಿದು, ಬಾಯಿ ಬಿಡದೆ.

ಒಳಗೆ ಅತ್ತೆ ಆ ದಿನದ ಕಡ್ಡಿ ಗೀರಿದರು. ಹಳದಿ ಉರಿ ಎದ್ದಿತು, ಬಗ್ಗಿತು, ಇನ್ನೇನು ಆರಿತು ಎನ್ನುವಾಗ ಬುಡದಲ್ಲಿ ನೀಲಿ ಕಂಡಿತು. ಅತ್ತೆ ಕೈಯಲ್ಲೇ ಸನ್ನೆ ಮಾಡಿದರು. ನಾನು ಚಹಾದ ಪಾತ್ರೆ ಇಟ್ಟೆ. ಉರಿ ಸಣ್ಣದು, ನೀರು ಬಿಸಿಯಾಗಲು ಒಂದು ಯುಗ ಹಿಡಿದ ಹಾಗಿತ್ತು. ಹೊರಗೆ ದಲ್ಲಾಳಿ, ‘ಇನ್ನೊಂದು ಬೆರಳು ಬಿಡ್ರಿ ಗೌಡ್ರೆ’ ಎನ್ನುತ್ತಿದ್ದ. ಪಾತ್ರೆಯ ತಳದಲ್ಲಿ ಗುಳ್ಳೆ ಎದ್ದಾಗ ಅತ್ತೆ ನನ್ನ ರಟ್ಟೆ ಹಿಡಿದುಕೊಂಡರು. ಅಷ್ಟು ಜೋರಾಗಿ ಹಿಡಿದರೆಂದರೆ ಸಂಜೆಯವರೆಗೂ ಬೆರಳಿನ ಗುರುತು ಇತ್ತು. ಹಾಲು ಹಾಕಿ, ಕುದಿಸಿ, ಸೋಸಿದೆ. ಎರಡು ಲೋಟ ಹಿಡಿದು ಅವರೇ ಜಗುಲಿಗೆ ಹೋದರು.

‘ಚಾ ತಗೋರಿ.’

ಮಾವ ಬಲಗೈ ಟವೆಲಿನ ಕೆಳಗೆ ಬಿಟ್ಟು ಎಡಗೈಯಲ್ಲೇ ಲೋಟ ತೆಗೆದುಕೊಂಡರು. ಒಂದು ಗುಟುಕು ಕುಡಿದು, ನಿಂತು, ಲೋಟವನ್ನು ಮೂಗಿನ ಹತ್ತಿರ ತಂದರು. ಎರಡು ತಿಂಗಳಿಂದ ಆ ಮನೆಯ ಚಹಾ ಹೊಗೆಯ ವಾಸನೆ ಇಲ್ಲದೆ ಬಂದಿರಲಿಲ್ಲ.

‘ಹತ್ತಿತೇನೇ?’ ಎಂದರು.

ಅತ್ತೆ ತಲೆಯಾಡಿಸಿದರು.

ಮಾವ ಟವೆಲಿನ ಕೆಳಗಿಂದ ಕೈ ತೆಗೆದರು.

‘ಏನ್ ಗೌಡ್ರೆ, ಕುದುರ್ತಿತ್ತಲ್ಲ?’ ಎಂದ ದಲ್ಲಾಳಿ.

‘ಇವಾಗ ಕೊಡಲ್ಲಪ್ಪ. ಚಾ ಕುಡಿ.’

ದಲ್ಲಾಳಿ ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡ. ‘ಅಮ್ಮಾರೆ, ಒಂದು ಲೋಟ ಚಾದಾಗೆ ನನ್ನ ನಾಕು ದನದ ಯಾಪಾರ ಮುಳುಗಿಸಿದ್ರಿ. ಇನ್ನೊಂದು ಲೋಟ ಆದ್ರೂ ಕೊಡ್ರಿ ಮತ್ತೆ’ ಎಂದ. ಅತ್ತೆ ಆಗ ನಕ್ಕರು. ಒಳಗೆ ಬಂದು, ಉರಿಯುತ್ತಿದ್ದ ಒಲೆಯ ಮುಂದೆ ಸುಮ್ಮನೆ ಕೂತರು. ನಾನೂ ಕೂತೆ. ಇನ್ನೊಂದು ಲೋಟ ಚಹಾ ಇಡುವುದು ಇಬ್ಬರಿಗೂ ಮರೆತುಹೋಗಿ, ದಲ್ಲಾಳಿ ಹೊರಗಿನಿಂದ ಕೆಮ್ಮಿ ನೆನಪಿಸಿದ.

ಆ ದನಗಳು ಇನ್ನೂ ನಾಲ್ಕೈದು ವರ್ಷ ಇದ್ದವು. ಆಮೇಲೆ ಉಳಿದ ಹೊಲವೂ ಸೈಟಾಯಿತು, ಸಿಲಿಂಡರು ಕೇಳಿದ ವಾರಕ್ಕೆ ಸಿಗುವಂತಾಯಿತು, ಮೇವು ಇನ್ನೂ ತುಟ್ಟಿಯಾಯಿತು. ಎಮ್ಮೆಗಳು ಮುದಿಯಾಗಿ ಮನೆಯಲ್ಲೇ ಸತ್ತವು. ಒಂದು ದಿನ ಅತ್ತೆಯೇ, ‘ನನ್ನ ಮೊಣಕಾಲು ಇನ್ನ ಕೂಡ್ರಾಕೆ ಬಿಡಲ್ಲ. ಸಾಕು’ ಎಂದು ಆಕಳನ್ನೂ, ಆಗಲೇ ದೊಡ್ಡ ಆಕಳಾಗಿದ್ದ ಮಣಕವನ್ನೂ ತಮ್ಮನ ಮನೆಗೆ ಕಳಿಸಿದರು. ದಲ್ಲಾಳಿಯ ಕೈಗೆ ಹೋಗಲಿಲ್ಲ, ಅವರು ಅಳಲೂ ಇಲ್ಲ. ಗುಂಡಿಗೆ ಮಣ್ಣು ತುಂಬಿ ಕರಿಬೇವು ನೆಟ್ಟೆವು. ಆ ಗಿಡದ ಎಲೆಗೆ ಈಗಲೂ ಓಣಿಯವರು ಬರುತ್ತಾರೆ.

ಮೊನ್ನೆ, ಅತ್ತೆಯ ಕಾರ್ಯವೆಲ್ಲ ಮುಗಿದ ಮೇಲೆ, ಅವರ ಸೀರೆಯೊಂದನ್ನು ಕೊಡಲು ಅವರ ತವರಿಗೆ ಹೋಗಿದ್ದೆ. ತಮ್ಮನಿಗೂ ಈಗ ವಯಸ್ಸಾಗಿದೆ. ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮಾರು ಹೊತ್ತು ಸವರಿದರು. ಅವರ ಸೊಸೆ ಚಹಾ ತಂದಳು. ಹಿತ್ತಿಲ ಗುಂಡಿ ಇನ್ನೂ ನಡೆಯುತ್ತಿದೆ.

‘ನಮ್ಮ ಗುಂಡೀನೂ ಒಂದ್ಸಾರಿ ಕೆಟ್ಟಿತ್ತು, ನೆನಪೈತೇನವ್ವಾ?’ ಎಂದರು. ‘ನೀವು ಒಯ್ದ ಎರಡು ವರ್ಷಕ್ಕೆ. ದನಕ್ಕೆ ಉಣ್ಣಿ ಅಂತ ಔಷಧಿ ಹೊಡೆದು ತೊಳೆದಿದ್ವಿ. ಆಗ ಅಕ್ಕನ ಹತ್ರಾನೇ ಬಂದು ಹೆಪ್ಪು ಒಯ್ದೆ. ಅವತ್ತಿಂದ ನಿಂತಿಲ್ಲ ನೋಡು.’

ನನಗೆ ನೆನಪಿತ್ತು. ಅವತ್ತು ಕ್ಯಾನು ತುಂಬಿ ಕೊಡುವಾಗ ಅತ್ತೆ, ‘ಔಷಧಿ ಹೊಡೆದ ನಿನ್ನ ಹೆಂಡ್ತಿ ಬಾಯಿ ಬಿಟ್ಟು ಹೇಳಿದ್ಲೋ, ಇಲ್ಲ ಹೊಡೆಸಿಕೊಂಡು ಹೇಳಿದ್ಲೋ?’ ಎಂದು ತಮ್ಮನನ್ನು ಕೇಳಿ ನನ್ನ ಕಡೆ ನೋಡಿ ನಕ್ಕಿದ್ದರು.

ಚಹಾ ಕುಡಿದೆ. ಸ್ವಲ್ಪವೂ ಹೊಗೆಯ ವಾಸನೆ ಇರಲಿಲ್ಲ. ಇನ್ನೊಂದು ಲೋಟ ಕೇಳಿ ಕುಡಿದು, ನಾಲ್ಕು ಗಂಟೆಯ ಬಸ್ಸಿಗೆ ಹೊರಟೆ.